ರಾಗಿಯ ಪಕ್ಕದಲ್ಲಿ ಎರಡು ಮೊಳ ದಾರಿ

ಹೋದ ವರ್ಷ ಸುಗ್ಗಿಯ ದಿನಗಳಲ್ಲಿ ಚನ್ನಗಿರಿಯ ನೆಂಟರ ಮನೆಯಲ್ಲಿ ಗೃಹಪ್ರವೇಶವಿತ್ತು. ನನ್ನ ಮೊಣಕಾಲುಗಳು ಈಗ ಬಸ್ಸಿನ ಮೆಟ್ಟಿಲಿಗೆ ಒಪ್ಪುವುದಿಲ್ಲ. ಹಾಗಾಗಿ ನ್ಯಾಮತಿಯಿಂದ ಬಾಡಿಗೆ ಕಾರು ಮಾಡಿಕೊಂಡು ಹೊರಟಿದ್ದೆ. ಚನ್ನಗಿರಿ ಇನ್ನೂ ಸ್ವಲ್ಪ ದೂರವಿರುವಾಗ ಒಂದು ಹಳ್ಳಿಯ ಮುಂದೆ ಚಕ್ರದ ಕೆಳಗೆ ಚರಚರ ಸದ್ದಾಯಿತು. ರಸ್ತೆಯ ಮೇಲೆ ಉದ್ದಕ್ಕೂ ರಾಗಿ ಹಾಸಿದ್ದರು. ಕಾರು ಓಡಿಸುತ್ತಿದ್ದ ಮಂಜುನಾಥನಿಗೆ ರೇಗಿತು. “ನೋಡ್ರಿ ಅಮ್ಮ, ರಸ್ತೆ ಏನು ಇವರ ಮನೆ ಕಣಾನಾ? ಹುಲ್ಲು ಚಕ್ರಕ್ಕೆ ಸುತ್ತಿಕೊಂಡ್ರೆ ಗಾಡಿ ಗತಿ ಏನು?” ಎಂದ. ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅಷ್ಟರಲ್ಲಿ ನಾನು ಕಿಟಕಿಯ ಗಾಜು ಇಳಿಸಿಬಿಟ್ಟಿದ್ದೆ.

ಬಿಸಿಲಿಗೆ ಕಾದ ಟಾರು, ನುರಿದ ಹುಲ್ಲು, ಗಂಟಲು ಕೆರೆಯುವ ತೆನೆಯ ಸುಂಕು, ಅದರ ಮೇಲೆ ಒಂದಿಷ್ಟು ಡೀಸೆಲ್ಲು. ಈ ನಾಲ್ಕೂ ಕೂಡಿದ ವಾಸನೆ ನಾನು ಎಷ್ಟೋ ವರ್ಷಗಳಿಂದ ಮೂಸಿರಲಿಲ್ಲ. ಕಾರು ನಿಲ್ಲಿಸಲು ಹೇಳಿ ಇಳಿದೆ. ಒಂದು ಹಿಡಿ ಹುಲ್ಲು ಎತ್ತಿಕೊಂಡು ಮೂಗಿಗೆ ಹಿಡಿದೆ. ಮಂಜುನಾಥ ಗಾಬರಿಯಾಗಿ ನೀರಿನ ಬಾಟಲಿ ತಂದ. ತಲೆಸುತ್ತು ಬಂದಿಲ್ಲಪ್ಪ, ಬಿಳಿಚೋಡು ನೆನಪಾಯಿತು ಅಂದೆ. ಅವನಿಗೆ ಅದು ಯಾವ ಊರು ಅಂತಲೂ ಗೊತ್ತಿರಲಿಲ್ಲ.

ಇಸವಿ ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ ಇರಬೇಕು. ದಾದಿಯ ತರಬೇತಿ ಮುಗಿಸಿದ ನನಗೆ ಮೊದಲ ಕೆಲಸ ಸಿಕ್ಕಿದ್ದು ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ. ನಾನು ಸಾಸ್ವೆಹಳ್ಳಿಯವಳು. ಹೊಳೆಯ ಸದ್ದು ಕೇಳಿಕೊಂಡು ಬೆಳೆದವಳು. ಜಗಳೂರು ಅಂದಕೂಡಲೇ ನಮ್ಮ ಮನೆಯಲ್ಲಿ ಎಲ್ಲರೂ ಮುಖ ಸಪ್ಪೆ ಮಾಡಿಕೊಂಡರು. ಸರ್ಕಾರಕ್ಕೆ ಯಾರ ಮೇಲಾದರೂ ಸಿಟ್ಟು ಬಂದರೆ ಅವರನ್ನು ಕಳಿಸುವ ಊರು ಅಂತ ನಮ್ಮ ಸೋದರತ್ತೆ ಹೇಳಿಯೂ ಬಿಟ್ಟಳು. ಹೋಗಿ ನೋಡಿದರೆ ಅಲ್ಲಿ ನೀರು ಕಡಿಮೆ ಇತ್ತು, ಅದೊಂದು ನಿಜ. ಉಳಿದಂತೆ ಎದುರಾದವರೆಲ್ಲ ನಿಲ್ಲಿಸಿ ಊಟ ಆಯ್ತಾ ಅಂತ ಕೇಳುವ, ಇಲ್ಲ ಅಂದರೆ ಸುಮ್ಮನೆ ಬಿಡದ ಊರು ಅದು.

ನನ್ನ ಕೆಲಸ ಸುತ್ತಲಿನ ಹಟ್ಟಿಗಳಿಗೆ ಹೋಗಿ ಬಸುರಿ ಬಾಣಂತಿಯರನ್ನು ನೋಡುವುದು, ಹೆರಿಗೆ ಮಾಡಿಸುವುದು. ಹಟ್ಟಿಗಳು ಒಂದೊಂದು ಒಂದೊಂದು ದಿಕ್ಕಿಗೆ. ನಡೆದು ಹೋದರೆ ಹೋಗುವುದರಲ್ಲೇ ದಿನ ಮುಗಿಯುತ್ತಿತ್ತು. ಅಣ್ಣನ ಸೈಕಲ್ಲು ಕದ್ದು ಹೊಳೆ ದಂಡೆಯಲ್ಲಿ ಓಡಿಸಲು ಕಲಿತಿದ್ದ ನಾನು, ಮೊದಲ ಸಂಬಳಗಳನ್ನು ಕೂಡಿಸಿ ದಾವಣಗೆರೆಯಲ್ಲಿ ಒಂದು ಹಳೆಯ ಲೇಡೀಸ್ ಸೈಕಲ್ಲು ಕೊಂಡೆ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಔಷಧಿ ಚೀಲ ಹಿಂದೆ ಕಟ್ಟಿ ಹೊರಟರೆ ಮೊದಮೊದಲು ಮಕ್ಕಳು ಹಿಂದೆ ಓಡಿ ಬಂದರು, ಆಮೇಲೆ ನಾಯಿಗಳು ಬಂದವು. ಸ್ವಲ್ಪ ದಿನ ಕಳೆದ ಮೇಲೆ ನಾಯಿಗಳಿಗೂ ಬೇಸರವಾಯಿತು. ನರ್ಸಮ್ಮನ ಸೈಕಲ್ಲು ಊರಿನ ಎಮ್ಮೆಗಳ ಲೆಕ್ಕಕ್ಕೆ ಸೇರಿಹೋಯಿತು.

ಆ ವರ್ಷದ ಮಳೆಗಾಲಕ್ಕೆ ಮುಂಚೆ ಜಗಳೂರಿನಿಂದ ದಾವಣಗೆರೆಗೆ ಹೋಗುವ ರಸ್ತೆ ಅಗಲವಾಗಿ ನಮ್ಮೂರಿನ ಮುಂದೆ ಹೊಸದಾಗಿ ಟಾರು ಬಿತ್ತು. ಎರಡು ಬಸ್ಸು ಎದುರುಬದುರಾಗಿ ಉಜ್ಜಿಕೊಂಡು ಹೋಗುವಷ್ಟು ಅಗಲ. ಕಲ್ಲುಕೊರಕಲಿನಲ್ಲಿ ಕುಲುಕಿ ಕುಲುಕಿ ಸೊಂಟ ಕಳೆದುಕೊಂಡಿದ್ದ ಜನಕ್ಕೆ ಅದು ಹಬ್ಬವೇ ಆಯಿತು. ಆದರೆ ರಸ್ತೆ ಯಾತಕ್ಕೆ ಅನ್ನುವುದರಲ್ಲಿ ಒಬ್ಬೊಬ್ಬರದು ಒಂದೊಂದು ತಿಳಿವಳಿಕೆ. ಸಂಜೆಯಾದರೆ ಮುದುಕರು ಬಂದು ಬೆಚ್ಚನೆ ಟಾರಿನ ಮೇಲೆ ಕಂಬಳಿ ಹಾಸಿ ಕೂರುತ್ತಿದ್ದರು. ಕುರಿ ಮಂದೆ ಅದರ ಮೇಲೇ ಮಲಗಿ ಏಳಲು ಒಪ್ಪುತ್ತಿರಲಿಲ್ಲ. ಕಾರ್ತಿಕ ಕಳೆದು ರಾಗಿ ಕೊಯ್ಲಾದಾಗ ಹೆಂಗಸರು ರಸ್ತೆಯನ್ನು ನೋಡಿದರು. ಸೆಗಣಿ ಬಳಿಯುವ ಗೊಡವೆಯಿಲ್ಲ, ದೂರದಿಂದ ನೀರು ಹೊತ್ತು ತರಬೇಕಾಗಿಲ್ಲ, ಎತ್ತು ಬೇಡ, ತೆನೆ ಮೇಲೆ ಉರುಳಿಸುವ ರೋಣಗಲ್ಲು ಬೇಡ. ಹುಲ್ಲು ಸಮೇತ ರಾಗಿಯನ್ನು ಹರವಿಬಿಟ್ಟರೆ ಬಸ್ಸು ತಾನೇ ತುಳಿದು ಕೊಟ್ಟು ಹೋಗುತ್ತದೆ. ಇಷ್ಟು ಒಳ್ಳೆಯ ಕಣವನ್ನು ಸರ್ಕಾರ ಮಾಡಿಕೊಟ್ಟಿದೆಯಲ್ಲ ಅಂತ ಅವರಿಗೆ ನಿಜವಾಗಿಯೂ ಸಂತೋಷ.

ಈ ಸಂತೋಷದಲ್ಲಿ ಎಲ್ಲರಿಗಿಂತ ಮುಂದಿದ್ದವರು ಕೆಂಚಮ್ಮ. ಗಂಡ ತೀರಿಕೊಂಡ ಮೇಲೆ ಒಂದು ತುಂಡು ಹೊಲ ಇಟ್ಟುಕೊಂಡು ಮಗನನ್ನು ಬೆಳೆಸಿದಾಕೆ. ಎತ್ತಿಲ್ಲ, ಕಣವಿಲ್ಲ. ಪ್ರತಿ ವರ್ಷವೂ ಬೇರೆಯವರ ಕಣ ಖಾಲಿಯಾಗಲಿ ಅಂತ ಕಾಯುತ್ತಿದ್ದವರಿಗೆ ಮನೆ ಬಾಗಿಲಿಗೇ ಕಣ ಬಂದ ಹಾಗಾಗಿತ್ತು.

ರಾಗಿ ತುಳಿಯುತ್ತಿದ್ದ ಬಸ್ಸು ಇಮಾಮ್ ಸಾಬರದು. ಅಂದರೆ ಮಾಲೀಕರು ಬೇರೆ ಯಾರೋ ಇದ್ದರು, ಬಸ್ಸನ್ನು ಓಡಿಸುತ್ತಿದ್ದವರು ಇವರು. ನಮ್ಮ ಮಟ್ಟಿಗೆ ಬಸ್ಸು ಅವರದೇ. ಬೆಳಿಗ್ಗೆ ಹತ್ತಕ್ಕೆ ದಾವಣಗೆರೆ ಕಡೆಗೆ ಹೋಗಿ, ನಾಲ್ಕು ಗಂಟೆಗೆ ಜಗಳೂರಿನ ಕಡೆಗೆ ವಾಪಸ್ಸು. ಊರು ಬಂದಕೂಡಲೇ ನಿಧಾನ ಮಾಡಿ, ತಲೆ ಹೊರಗೆ ಹಾಕಿ ಹುಲ್ಲು ನೋಡಿ, “ಯಾರದವ್ವಾ ಇದು? ಇನ್ನೂ ಹಸಿ ಐತೆ. ನಾಳೆ ಹಾಕ್ರಿ,” ಅಂತ ತೀರ್ಪು ಕೊಡುತ್ತಿದ್ದರು. ಒಳಗಿದ್ದ ಪ್ರಯಾಣಿಕರೂ ಗೊಣಗುತ್ತಿರಲಿಲ್ಲ. ಯಾರ ತೆನೆ ದಪ್ಪ, ಯಾರದು ಜೊಳ್ಳು ಅಂತ ಕಿಟಕಿಯಿಂದಲೇ ಮಾತಾಡಿಕೊಳ್ಳುತ್ತಿದ್ದರು. ಇಮಾಮ್ ಸಾಬರಿಗೆ ತಮ್ಮ ಬಸ್ಸು ಊರಿನ ಸುಗ್ಗಿಗೆ ಕೈಜೋಡಿಸುತ್ತಿದೆ ಅನ್ನುವ ಹೆಮ್ಮೆ.

ಹೆಮ್ಮೆಯಿಲ್ಲದೆ ಇದ್ದವಳು ನಾನೊಬ್ಬಳೇ. ರಾಗಿ ಕಾಳು ಟಾರಿನ ಮೇಲೆ ಬಿದ್ದರೆ ಸೈಕಲ್ಲಿನ ಚಕ್ರ ಎತ್ತ ಬೇಕಾದರೂ ಜಾರುತ್ತದೆ. ಪಕ್ಕಕ್ಕೆ ಇಳಿಯೋಣವೆಂದರೆ ಜಲ್ಲಿ, ಅದರಾಚೆ ಜಾಲಿ ಮುಳ್ಳು. ದಿನಾ ಊರು ದಾಟುವವರೆಗೆ ಇಳಿದು ತಳ್ಳಬೇಕು. ನನಗೋ ಮೂಗಿನ ತುದಿಯಲ್ಲೇ ಕೋಪ. ಒಂದು ದಿನ ಕೆಂಚಮ್ಮನ ಎದುರು ಸೈಕಲ್ಲು ನಿಲ್ಲಿಸಿ, “ರಸ್ತೆ ಇರೋದು ಓಡಾಡಾಕೆ ಕಣ್ರೀ ಕೆಂಚಮ್ಮ,” ಅಂದೆ. ಆಕೆ ಹುಲ್ಲು ಹರವುತ್ತಲೇ, “ರಾಗಿ ಇರೋದು ಉಣ್ಣಾಕೆ ನನ್ನವ್ವ. ಉಣ್ಣದಿದ್ರೆ ಓಡಾಡೋದು ಹೆಂಗೆ?” ಅಂದರು. ನಾನು ಸೈಕಲ್ಲು ತಳ್ಳಿಕೊಂಡು ಹೋದೆ. ಸಂಜೆ ಬರುವಾಗ ಆಕೆಯೇ ಕರೆದು ಮೆಣಸಿನಕಾಯಿ ಚಟ್ನಿ ಹಾಕಿ ರೊಟ್ಟಿ ಕೊಟ್ಟರು.

ಆ ರಸ್ತೆಯ ಕಣದಲ್ಲೂ ಒಂದು ಒಳಗುಟ್ಟಿತ್ತು. ಬೆಳಗಿನ ಬಸ್ಸು ಹೋಗುವ ಎಡಮಗ್ಗುಲು ಎಲ್ಲರಿಗೂ ಬೇಕು. ಹತ್ತಕ್ಕೆ ಬಸ್ಸು ತುಳಿದರೆ ಮಧ್ಯಾಹ್ನ ಎದ್ದ ಗಾಳಿಗೆ ತೂರಿ, ಹೊತ್ತು ಇಳಿಯುವುದರೊಳಗೆ ರಾಗಿ ಮನೆ ಸೇರುತ್ತದೆ. ಬಲಮಗ್ಗುಲು ತುಳಿಸಿಕೊಳ್ಳುವುದು ನಾಲ್ಕರ ಬಸ್ಸಿಗೆ. ಆ ಹೊತ್ತಿಗೆ ಗಾಳಿ ಬಿದ್ದಿರುತ್ತದೆ. ರಾಗಿಯನ್ನು ಇಬ್ಬನಿಗೆ ಬಿಟ್ಟು ಮಲಗಬೇಕು. ಎಡಮಗ್ಗುಲಿನಲ್ಲಿ ಮನೆ ಇದ್ದವರು ಊರ ಹಿರಿಯರಾದ ರುದ್ರಪ್ಪನವರು ಮತ್ತು ಅವರ ದಾಯಾದಿಗಳು. ಮನೆ ಮುಂದಿನ ರಸ್ತೆಯೂ ತಮ್ಮದೇ ಅಂತ ಅವರು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಕೆಂಚಮ್ಮನಿಗೆ ಸಿಕ್ಕಿದ್ದು ಬಲಮಗ್ಗುಲು.

ಹಾಗಾಗಿ ಆಕೆ ಇಮಾಮ್ ಸಾಬರನ್ನು ಕೇಳಿಕೊಂಡರು. “ಇಮಾಮಣ್ಣ, ಬೆಳಿಗ್ಗೆ ಹೋಗೋವಾಗ ಒಂದೀಟು ಬಲಕ್ಕೆ ಬಾರಣ್ಣ. ನಿಂಗೆ ಪುಣ್ಯ ಬರ್ತೈತೆ.” ಇಮಾಮ್ ಸಾಬರಿಗೆ ಇಲ್ಲ ಅನ್ನಲು ಬರುತ್ತಿರಲಿಲ್ಲ. ಅಂದಿನಿಂದ ಬೆಳಗಿನ ಬಸ್ಸು ಕೆಂಚಮ್ಮನ ರಾಗಿ ಸಿಕ್ಕಲ್ಲಿ ತನ್ನ ಎಡ ಬಿಟ್ಟು ಬಲಕ್ಕೆ ಹೊರಳಿ, ರಾಗಿ ಮುಗಿದ ಮೇಲೆ ಮತ್ತೆ ಎಡಕ್ಕೆ ಬರುತ್ತಿತ್ತು. ನೋಡಿದವರೆಲ್ಲ ಇಮಾಮ್ ಸಾಬ್ ಎಂಥ ಒಳ್ಳೆಯ ಮನುಷ್ಯ ಅಂದರು. ಒಳ್ಳೆಯ ಮನುಷ್ಯರೇ, ನಾನೂ ಇವತ್ತಿಗೂ ಅದನ್ನೇ ಹೇಳುತ್ತೇನೆ.

ಊರ ಕೊನೆಯಲ್ಲಿ ಒಂದು ದೊಡ್ಡ ಹುಣಸೇಮರ, ಅಲ್ಲಿ ರಸ್ತೆ ತಿರುಗುತ್ತದೆ. ಒಂದು ಬೆಳಿಗ್ಗೆ ನಾನು ಹಟ್ಟಿಯಿಂದ ಊರಿಗೆ ವಾಪಸ್ಸು ಬರುತ್ತಿದ್ದೆ. ನನ್ನ ಎಡಕ್ಕೆ ನಾನು. ಕೆಂಚಮ್ಮ ಆ ದಿನ ಜಾಗ ಸಾಲದೆ ಹುಣಸೇಮರದ ತಿರುವಿನವರೆಗೂ ರಾಗಿ ಹರವಿದ್ದರು. ತಿರುವು ದಾಟಿದ್ದೇ ಮುಂದಿನ ಚಕ್ರ ಹುಲ್ಲಿಗೆ ಹತ್ತಿತು. ತಲೆ ಎತ್ತಿದರೆ ಅದೇ ರಾಗಿಯ ಮೇಲೆ, ನನ್ನ ನೇರಕ್ಕೆ, ಬಸ್ಸಿನ ಮೂತಿ. ಇಮಾಮ್ ಸಾಬರು ಬ್ರೇಕ್ ತುಳಿದರು. ರಾಗಿಯ ಮೇಲೆ ಬ್ರೇಕ್ ತುಳಿದರೆ ಬಸ್ಸು ನಿಲ್ಲುತ್ತದೆಯೇ? ಜಾರಿಕೊಂಡು ಬಂದೇ ಬಂತು. ನಾನು ಹ್ಯಾಂಡಲ್ಲು ಪಕ್ಕಕ್ಕೆ ಎಳೆದೆ. ಸೈಕಲ್ಲು ಒಂದು ಕಡೆ, ನಾನು ಜಾಲಿ ಮುಳ್ಳಿನಲ್ಲಿ ಒಂದು ಕಡೆ. ಬಸ್ಸು ನಿಂತಾಗ ಅದಕ್ಕೂ ನನಗೂ ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಮಾತ್ರ ಉಳಿದಿತ್ತು.

ಬಲಗೈ ಮಣಿಕಟ್ಟು ಮುರಿದಿತ್ತು. ಇಮಾಮ್ ಸಾಬರೇ ನನ್ನನ್ನು ಎತ್ತಿ ಬಸ್ಸಿನಲ್ಲಿ ಕೂರಿಸಿ ದಾವಣಗೆರೆ ಆಸ್ಪತ್ರೆಗೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ, “ಯಾ ಅಲ್ಲಾ, ಒಂದು ಕೋಳಿ ಮೇಲೂ ಹರಿಸಿದೋನಲ್ಲ ನಾನು,” ಅಂತ ಅದೊಂದನ್ನೇ ಹೇಳುತ್ತಿದ್ದರು. ನೋವಿನಲ್ಲೂ ನನಗೆ ಅವರ ಮೇಲೆ ಕನಿಕರ ಬಂತು. ಸಿಟ್ಟು ಬಂದದ್ದು ಆಮೇಲೆ, ಕೈಗೆ ಪ್ಲಾಸ್ಟರ್ ಬಿದ್ದ ಮೇಲೆ.

ಸುದ್ದಿ ದಾವಣಗೆರೆ ಸಂತೆಯಿಂದ ಹೊನ್ನಾಳಿ ದಾಟಿ ಸಾಸ್ವೆಹಳ್ಳಿ ತಲುಪುವಷ್ಟರಲ್ಲಿ ಬಸ್ಸು ನನ್ನ ಮೇಲೇ ಹರಿದಿತ್ತು. ಅಪ್ಪ ಮರುದಿನವೇ ಬಂದರು. ನಾನು ಬಿಳಿಚೋಡಿನ ಮನೆಯ ಬಾಗಿಲಲ್ಲಿ ನಿಂತಿದ್ದನ್ನು ನೋಡಿ ಜಗಲಿಯ ಮೇಲೆ ಕುಸಿದು ಕೂತರು. ನೀರು ಕುಡಿದ ಮೇಲೆ ಕೇಳಿದ ಮೊದಲ ಮಾತು, “ಸೈಕಲ್ಲು ಎಲ್ಲೈತೆ?” ಎಂಬುದು. ಗೋಡೆಗೆ ಒರಗಿದ್ದ, ಮುಂದಿನ ಚಕ್ರ ಸೊಟ್ಟಗಾದ ಸೈಕಲ್ಲನ್ನು ಬಹಳ ಹೊತ್ತು ನೋಡಿದರು.

“ಕೈ ಕೂಡೋ ಮಟ ಇಲ್ಲಿರು. ಆಮೇಲೆ ಬಂದು ಕರ್ಕಂಡು ಹೋಗ್ತೀನಿ. ನಮ್ಮ ಕಡೆ ಗೋವಿನಕೋವೀಲಿ ನರ್ಸ್ ಜಾಗ ಖಾಲಿ ಐತಂತೆ, ವಿಚಾರಿಸ್ಕಂಡೇ ಬಂದೀನಿ. ಅಲ್ಲಿ ಎಲ್ಲಾ ಹತ್ತಿರ ಹತ್ತಿರ, ನಡ್ಕಂಡು ಹೋಗಬಹುದು,” ಎಂದರು.

“ಅಪ್ಪಾ, ನಾನು ನನ್ನ ಎಡಕ್ಕೇ ಬರ್ತಿದ್ದೆ.”

“ಎಡಕ್ಕೆ ಬಂದೋರು ಸಾಯಲ್ಲ ಅಂತ ಯಾರು ಹೇಳಿದ್ರವ್ವ ನಿಂಗೆ?”

ಅಪ್ಪನಿಗೆ ನನ್ನ ಮೇಲಿದ್ದ ಪ್ರೀತಿಯೇ ನನ್ನ ಕೆಲಸಕ್ಕೆ ಮುಳುವಾಗಿ ನಿಂತಿತ್ತು. ನಾನು ಆ ಊರನ್ನು, ಆ ಹಟ್ಟಿಗಳನ್ನು ಬಿಟ್ಟು ಹೋಗಲಾರೆ ಅನ್ನುವುದು ನನಗೆ ಗೊತ್ತಾದದ್ದೇ ಅವರು ಕರೆದುಕೊಂಡು ಹೋಗುತ್ತೇನೆ ಅಂದಾಗ.

ಆ ವಾರದಲ್ಲೇ ನಾಲ್ಕರ ಬಸ್ಸು ಬಂದಾಗ ಬಸ್ಸು ನಿಲ್ಲುವ ಕಟ್ಟೆಯ ಹತ್ತಿರ ಊರವರು ಸೇರಿದರು. ಇಮಾಮ್ ಸಾಬರು ಇಂಜಿನ್ ಆರಿಸಿ ಇಳಿದು ಬಂದರು. ಪ್ರಯಾಣಿಕರು ಒಳಗೇ ಕೂತು ಕಿಟಕಿಯಿಂದ ತಲೆ ಹಾಕಿದರು. ರುದ್ರಪ್ಪನವರು ಸಮಾಧಾನವಾಗಿಯೇ ಶುರುಮಾಡಿದರು. “ನೋಡ್ರಿ, ಬಸ್ಸು ನಿಲ್ಸಾಕೆ ಆಗಲ್ಲ. ರಾಗಿ ಹಾಕದಂಗೆ ಇರಾಕೂ ಆಗಲ್ಲ, ವರ್ಷದ ಅನ್ನ. ಸೈಕಲ್ಲಿಂದ ಇಳಿಯೋದು ಸುಲಭ. ಸುಗ್ಗಿ ಮುಗಿಯೋ ಮಟ ನರ್ಸಮ್ಮ ಸೈಕಲ್ಲು ಬಿಡ್ಲಿ. ಹೆಣ್ಣುಮಗಳು, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಊರಿಗೇ ಕೆಟ್ಟ ಹೆಸರು.”

ಎಲ್ಲರೂ ತಲೆ ಆಡಿಸಿದರು. ಇಮಾಮ್ ಸಾಬರು ನನ್ನ ಪ್ಲಾಸ್ಟರಿನ ಕಡೆ ನೋಡಲಾಗದೆ ನೆಲ ನೋಡುತ್ತಾ, “ಬಸ್ಸು ಕಂಡ ಕೂಡ್ಲೇ ಇಳಿದುಬಿಟ್ರೆ ಒಳ್ಳೇದಿತ್ತು ನರ್ಸಮ್ಮ,” ಎಂದರು. ನನ್ನ ಮೈಯೆಲ್ಲಾ ಉರಿಯಿತು. ರಸ್ತೆಯ ಮೇಲೆ ಇರುವವರೆಲ್ಲ ಸೇರಿ, ಯಾರನ್ನು ಸುಲಭವಾಗಿ ಎತ್ತಿ ಪಕ್ಕಕ್ಕೆ ಇಡಬಹುದು ಅಂತ ನೋಡಿ, ನನ್ನನ್ನು ಆರಿಸಿದ್ದರು.

ಆಗ ಕೆಂಚಮ್ಮ ಎದ್ದರು. ಸೆರಗಿನಲ್ಲಿ ಇನ್ನೂ ಸುಂಕು ಅಂಟಿತ್ತು.

“ಬಲಕ್ಕೆ ಬಾ ಅಂತ ಕರೆದೋಳು ನಾನು. ಕರೆದ ಕೂಡ್ಲೇ ಬಂದೋನು ಈ ಇಮಾಮಣ್ಣ. ತಿರುವಿನ ಮಟ ರಾಗಿ ಹಾಕ್ದೋಳೂ ನಾನೇ. ಆ ಯಮ್ಮ ಅವಳ ಪಾಡಿಗೆ ಅವಳ ಎಡಕ್ಕೆ ಬರ್ತಿದ್ಲು. ತಪ್ಪು ಮಾಡ್ದೋರು ರಸ್ತೆ ಮೇಲಿರ್ಲಿ, ಮಾಡದಿದ್ದೋಳು ಇಳೀಲಿ ಅಂತೀರಲ್ಲ ಯಜಮಾನ್ರೇ, ಇದು ಯಾವೂರ ನ್ಯಾಯ?”

“ಅಲ್ಲ ಕೆಂಚಮ್ಮ…” ರುದ್ರಪ್ಪನವರು ಕೈ ಎತ್ತಿದರು.

“ಇರ್ರಿ, ಇನ್ನೂ ಮುಗಿದಿಲ್ಲ. ನನ್ನ ಸೊಸೆ ಎಂಟು ತಿಂಗಳ ಬಸುರಿ, ಹಟ್ಟೀಲಿ ಅವರವ್ವನ ಮನೇಲಿ ಅವಳೆ. ಈ ನರ್ಸಮ್ಮ ನಡ್ಕಂಡು ಹೋಗೋ ಹೊತ್ತಿಗೆ ಕೂಸು ಹುಟ್ಟಿ, ತೊಟ್ಟಿಲಿಗೆ ಹಾಕಿ, ಹೆಸರು ಕರೆದಿರ್ತಾರೆ!”

ಬಸ್ಸಿನಿಂದ ಜೋರಾಗಿ ನಗು ಬಂತು. ರುದ್ರಪ್ಪನವರಿಗೂ ನಗು ತಡೆಯಲಾಗಲಿಲ್ಲ. ಕೆಂಚಮ್ಮ ಮಾತ್ರ ನಗಲಿಲ್ಲ. ದನಿ ತಗ್ಗಿಸಿ, “ಬೆಳಗಿನ ಬಸ್ಸಿನ ಮಗ್ಗುಲು ಎಲ್ಲಾ ನಿಮ್ಮ ಮನೇರದೇ. ಅಲ್ಲಿ ನಂಗೂ ಒಂದಿನ ಜಾಗ ಬಿಟ್ಟಿದ್ರೆ ನಾನ್ಯಾಕೆ ಈ ಮನುಷ್ಯನ್ನ ಬಲಕ್ಕೆ ಕರೀತಿದ್ದೆ?” ಎಂದರು.

ಬಸ್ಸಿನ ಒಳಗಿಂದ ಯಾರೋ, “ಬೇಗ ತೀರ್ಮಾನ ಮಾಡ್ರಪ್ಪ, ಎಮ್ಮೆ ಹಾಲು ಕರೆಯೋ ಹೊತ್ತಾತು,” ಎಂದರು. ರುದ್ರಪ್ಪನವರು ಮೀಸೆ ಸವರಿಕೊಂಡು, “ಆಯ್ತು, ಸರದಿ ಮಾಡ್ರಿ,” ಎಂದರು. ದೊಡ್ಡ ಮನುಷ್ಯರು, ಸೋತದ್ದನ್ನು ಮುಖದಲ್ಲಿ ತೋರಿಸಿಕೊಳ್ಳಲಿಲ್ಲ.

ಆಮೇಲೆ ಎಲ್ಲ ಬೇಗ ಬೇಗ ಆಯಿತು. ರಾಗಿ ಹಾಕುವುದು ಬೆಳಗಿನ ಬಸ್ಸು ಹೋಗುವ ಮಗ್ಗುಲಿಗೆ ಮಾತ್ರ, ಸರದಿಯ ಮೇಲೆ. ಇನ್ನೊಂದು ಮಗ್ಗುಲು ಎದುರು ಬರುವವರಿಗೆ ಖಾಲಿ. ಹುಣಸೇಮರದ ತಿರುವಿನ ಹತ್ತಿರ ಒಂದು ತೆನೆಯೂ ಕೂಡದು. ಬಸ್ಸು ಯಾರು ಕರೆದರೂ ತನ್ನ ಎಡ ಬಿಟ್ಟು ಹೋಗಕೂಡದು. ಇಮಾಮ್ ಸಾಬರು, “ಕೆಂಚವ್ವ ಕರೆದ್ರೂ ಬರಲ್ಲ, ನಮ್ಮ ಅಮ್ಮೀಜಾನ್ ಕರೆದ್ರೂ ಬರಲ್ಲ,” ಅಂತ ಎದೆ ಮುಟ್ಟಿ ಹೇಳಿದರು. ಕೊನೆಗೆ ಕೆಂಚಮ್ಮ ರಸ್ತೆಗೆ ಇಳಿದು, ರಾಗಿ ಹಾಕುವ ಮಗ್ಗುಲಿನಲ್ಲಿ ಟಾರಿನ ಅಂಚಿನಿಂದ ತಮ್ಮ ಮೊಣಕೈ ಇಟ್ಟು ಎರಡು ಮೊಳ ಅಳೆದು, “ಇಷ್ಟರೊಳಗೆ ಯಾರೂ ರಾಗಿ ಹಾಕಬಾರ್ದು. ಇದು ನಡೆಯೋರಿಗೆ, ಸೈಕಲ್ಲಿನೋರಿಗೆ,” ಎಂದರು. ಸುಣ್ಣದಿಂದ ಗೆರೆಯನ್ನೂ ಎಳೆದರು.

ಮರುದಿನ ಇಮಾಮ್ ಸಾಬರು ನನ್ನ ಮನೆಯ ಮುಂದೆ ಬಸ್ಸು ನಿಲ್ಲಿಸಿ, ಸೊಟ್ಟ ಸೈಕಲ್ಲನ್ನು ಬಸ್ಸಿನ ಮೇಲೆ ಏರಿಸಿಕೊಂಡು ಹೋದರು. ಎರಡು ದಿನ ಬಿಟ್ಟು ರಿಮ್ಮು ನೆಟ್ಟಗಾಗಿ, ಎಣ್ಣೆ ಕುಡಿದು, ಮುಂದೆ ಹೊಸ ಬ್ರೇಕು ಹಾಕಿಸಿಕೊಂಡು ಅದು ವಾಪಸ್ಸು ಬಂತು. ಅವರೇ ಇಳಿಸಿ ಗೋಡೆಗೆ ಒರಗಿಸಿದರು. ಆ ಮನುಷ್ಯನ ಮೇಲೆ ನನಗಿದ್ದ ಸಿಟ್ಟು ಅವತ್ತಿಗೆ ಮುಗಿಯಿತು.

ಪ್ಲಾಸ್ಟರು ಇದ್ದ ದಿನಗಳಲ್ಲಿ ನಾನು ಆ ಎರಡು ಮೊಳ ದಾರಿಯಲ್ಲಿ ನಡೆದೇ ಓಡಾಡಿದೆ. ನಡೆಯುವಾಗ ಗೊತ್ತಾಯಿತು, ಅದು ನನ್ನೊಬ್ಬಳಿಗಾಗಿ ಆದ ದಾರಿಯಲ್ಲ ಅಂತ. ಸೌದೆ ಹೊರೆ ಹೊತ್ತವರು ಅದರಲ್ಲಿ ಸಾಲಾಗಿ ಬಂದರು. ಕೋಲೂರಿಕೊಂಡು ಬರುವ ಅಜ್ಜಂದಿರು ಬಂದರು. ರುದ್ರಪ್ಪನವರ ಮುಪ್ಪಿನ ತಾಯಿ ಎಷ್ಟೋ ದಿನಗಳ ಮೇಲೆ ಒಬ್ಬರೇ ಮಠದ ಕಡೆ ಹೋಗಿ ಬಂದರು. ಹೆಂಗಸರು ಹುಲ್ಲು ತಿರುವಿ ಹಾಕಿದಾಗಲೆಲ್ಲ ಅಂಚಿಗೆ ಸಿಡಿದ ಕಾಳನ್ನು ಬರಲಿನಿಂದ ಒಳಕ್ಕೆ ಗುಡಿಸುತ್ತಿದ್ದರು. ಕಾಳೂ ಉಳಿಯಿತು, ಕಾಲೂ ಜಾರಲಿಲ್ಲ. ನನ್ನ ಭಯ ಮಾತ್ರ ಉಳಿದೇ ಇತ್ತು. ಹಿಂದಿನಿಂದ ಬಸ್ಸಿನ ಸದ್ದು ಕೇಳಿದರೆ ಸಾಕು, ಜಲ್ಲಿಗೆ ಇಳಿದುಬಿಡುತ್ತಿದ್ದೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ರಾಗಿ ಮುಗಿದು ಹುರುಳಿ ಬರುವ ಹೊತ್ತಿಗೆ ಪ್ಲಾಸ್ಟರು ತೆಗೆದರು. ಅಪ್ಪ ಹೇಳಿದ ಹಾಗೇ ಬಂದರು, ಚೀಲ ಹಿಡಿದುಕೊಂಡು. ಆ ಸಂಜೆ ಕೆಂಚಮ್ಮ ನಮ್ಮಿಬ್ಬರಿಗೂ ಮುದ್ದೆ, ಹುರುಳಿ ಸಾರು ತಂದರು. ಅಪ್ಪ ತಟ್ಟೆಯ ಮುಂದೆ ಕೂತು ಆಕೆಯನ್ನೇ ದುರುಗುಟ್ಟಿ ನೋಡಿ, “ಆ ರಾಗಿ ಹಾಕ್ದೋರು ನೀವೇನಾ?” ಎಂದರು.

“ಹೂಂ ಕಣ್ರೀ, ನಾನೇ. ಅದೇ ರಾಗಿ ಮುದ್ದೇನೇ ಇದು. ಆರೋಗ್ತೈತೆ, ಉಣ್ರಿ.”

ಅಪ್ಪ ಒಂದು ಕ್ಷಣ ಕಕ್ಕಾಬಿಕ್ಕಿಯಾದರು. ಆಮೇಲೆ ಮುದ್ದೆ ಮುರಿದು ಸಾರಿಗೆ ಅದ್ದಿದರು. ಇನ್ನೊಂದು ಮುದ್ದೆಯನ್ನೂ ಹಾಕಿಸಿಕೊಂಡರು. ಆದರೆ ಮಲಗುವ ಮುಂಚೆ, “ನಾಳೆ ಹತ್ತರ ಬಸ್ಸಿಗೆ ಹೊರಡಬೇಕು, ಬಟ್ಟೆ ಕಟ್ಕ,” ಅಂದದ್ದನ್ನು ಬದಲಿಸಲಿಲ್ಲ.

ಬೆಳಿಗ್ಗೆ ನಾನು ಬಟ್ಟೆ ಕಟ್ಟಿರಲಿಲ್ಲ. ಕಟ್ಟುವುದಿಲ್ಲ ಅಂತ ಹೇಳುವ ಧೈರ್ಯವೂ ಬಂದಿರಲಿಲ್ಲ. ಅಷ್ಟರಲ್ಲಿ ಕೆಂಚಮ್ಮ ಓಡುತ್ತಾ ಬಂದರು. ಹಟ್ಟಿಯಲ್ಲಿ ಸೊಸೆಗೆ ನೋವು ಶುರುವಾಗಿದೆ, ಹೇಳಿ ಕಳಿಸಿದ್ದಾರೆ ಅಂತ. ಆ ಹೆರಿಗೆ ಸುಸೂತ್ರವಾಗಿ ಆಯಿತು, ಹೆಣ್ಣುಮಗು, ನಾನು ಹೋದ ಮೇಲೇ ಹುಟ್ಟಿತು. ಅದು ಇರಲಿ. ನಾನು ಔಷಧಿ ಚೀಲ ತೆಗೆದುಕೊಂಡು ಸೈಕಲ್ಲಿನ ಹತ್ತಿರ ಹೋದೆ. ಹ್ಯಾಂಡಲ್ಲು ಹಿಡಿದರೆ ಬಲಗೈ ಬೆರಳುಗಳು ಇನ್ನೂ ಪೂರ್ತಿ ಮಡಚುತ್ತಿರಲಿಲ್ಲ. ಅಪ್ಪ ನನ್ನ ಕೈಯನ್ನೇ ನೋಡುತ್ತಿದ್ದರು.

“ಬಸ್ಸಲ್ಲಿ ನಿನ್ನ ಹಿಂದೇನೆ ಬರ್ತೀನಿ,” ಎಂದರು. “ಹಟ್ಟಿ ತಿರುವಿನ ಮಟ ನೋಡ್ತೀನಿ. ನೀನು ಒಂದು ಸಲ ತಡಬಡಿಸಿದ್ರೂ ಸರಿ, ಅಲ್ಲೇ ಇಳಿದು, ಹೆರಿಗೆ ಮುಗಿಯೋ ಮಟ ಕೂತಿದ್ದು, ನಿನ್ನ ಊರಿಗೆ ಕರ್ಕಂಡು ಹೋಗೋದೇ.”

“ತಡಬಡಿಸಲಿಲ್ಲ ಅಂದ್ರೆ?”

ಅಪ್ಪ ಚೀಲ ಎತ್ತಿಕೊಂಡು ಕಟ್ಟೆಯ ಕಡೆ ನಡೆದರು. ಕಟ್ಟೆಯ ಹತ್ತಿರ ಬಸ್ಸು ಬಂದು ನಿಂತಿತು. ಅಪ್ಪ ಹತ್ತಿ ಇಮಾಮ್ ಸಾಬರ ಹಿಂದಿನ ಸೀಟಿನಲ್ಲಿ, ಬಲಗಡೆಯ ಕಿಟಕಿಗೆ ಕೂತರು. ನಾನು ಸೈಕಲ್ಲು ಹತ್ತಿದೆ.

ಎಡಕ್ಕೆ ಗುಡಿಸಿದ ಎರಡು ಮೊಳ ಟಾರು, ಬಲಕ್ಕೆ ಹರವಿದ ಹುರುಳಿ ಬಳ್ಳಿ. ಹುರುಳಿ ತಿರುವುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ಪಕ್ಕಕ್ಕೆ ಸರಿದರು. ಹಿಂದೆ ಬಸ್ಸು ಹೊರಟ ಸದ್ದು ಕೇಳಿತು. ಜಲ್ಲಿಗೆ ಇಳಿದುಬಿಡು ಅಂತ ಮೈಯೆಲ್ಲಾ ಹೇಳುತ್ತಿತ್ತು. ಹಲ್ಲು ಕಚ್ಚಿ ತುಳಿದೆ. ಬಸ್ಸು ಈಗ ನನ್ನನ್ನು ಹಿಂದೆ ಹಾಕುತ್ತದೆ, ಈಗ ಹಾಕುತ್ತದೆ ಅಂತ ಕಾಯುತ್ತಿದ್ದೆ. ಅದು ಬರಲೇ ಇಲ್ಲ. ಹಾರ್ನೂ ಆಗಲಿಲ್ಲ. ಇಮಾಮ್ ಸಾಬರು ಹುರುಳಿಯ ಮೇಲೆ ಎತ್ತಿನ ಹಾಗೆ ಮೆಲ್ಲಗೆ ನಡೆಸಿಕೊಂಡು ನನ್ನ ಹಿಂದೆಯೇ ಬರುತ್ತಿದ್ದರು. ಹುಣಸೇಮರ ಬಂತು. ಅಲ್ಲಿ ಒಂದು ಕಾಳೂ ಇರಲಿಲ್ಲ. ತಿರುವು ದಾಟಿದಾಗ ನನ್ನ ಬೆರಳುಗಳು ಹ್ಯಾಂಡಲ್ಲನ್ನು ಗಟ್ಟಿಯಾಗಿ ಹಿಡಿದಿದ್ದು ಗೊತ್ತಾಯಿತು.

ಹಟ್ಟಿಯ ಕಾಲುದಾರಿ ಇರುವುದು ರಸ್ತೆಯ ಬಲಕ್ಕೆ. ಅಲ್ಲಿಗೆ ಹೋಗಲು ನಾನು ಬಸ್ಸಿನ ಮುಂದೆ ರಸ್ತೆಯನ್ನು ಅಡ್ಡ ದಾಟಬೇಕು. ಬಲಗೈ ಚಾಚಿ ತೋರಿಸಿ ಹಿಂದಿರುಗಿ ನೋಡಿದೆ. ಇಮಾಮ್ ಸಾಬರು ಬಸ್ಸು ನಿಲ್ಲಿಸಿ, ಹೋಗ್ರಿ ಅನ್ನುವ ಹಾಗೆ ತಲೆ ಆಡಿಸಿದರು. ಅವರ ಹಿಂದಿನ ಕಿಟಕಿಯಲ್ಲಿ ಅಪ್ಪ ನನ್ನ ಕಡೆ ನೋಡುತ್ತಿರಲಿಲ್ಲ. ಭುಜದವರೆಗೂ ಹೊರಗೆ ಬಾಗಿ, ಹಿಂದಕ್ಕೆ ತಿರುಗಿ, ತೋಳನ್ನು ರಸ್ತೆಗೆ ಅಡ್ಡವಾಗಿ ಚಾಚಿ, ಅಂಗೈ ಅಗಲಿಸಿ, ನನ್ನ ಮಗಳು ದಾಟುವವರೆಗೆ ಯಾರೂ ಮುಂದೆ ಬರಬೇಡಿ ಅಂತ ನಿಲ್ಲಿಸುತ್ತಿದ್ದರು. ಬಸ್ಸಿನ ಹಿಂದೆ ಬರುತ್ತಿದ್ದುದು ಒಂದೇ ಒಂದು ಎತ್ತಿನ ಗಾಡಿ. ಗಾಡಿಯವನು ಹಗ್ಗ ಜಗ್ಗಿ ಎತ್ತುಗಳನ್ನು ನಿಲ್ಲಿಸಿದ.